ಟ್ಯಾಪೆಟ್ ಕವರಿನ ಪ್ಯಾಕಿಂಗ್

ಹತ್ತಾರು ವರ್ಷ ನಿಷ್ಠೆಯಿಂದ ದುಡಿದ ಮೋಟಾರು ಕಾರೊಂದು ಘಟ್ಟವನ್ನೇರಿ ನಿಂತೊಡನೆ ಎಣ್ಣೆ ಸೀದ ವಾಸನೆ ಮೂಗಿಗೆ ಬಡಿದರೆ, ಬಾನೆಟ್ಟನ್ನೆತ್ತಿ ನೋಡಿದಾಗ ಎಂಜಿನ್ನಿನ ನೆತ್ತಿಯ ಅಂಚಿನುದ್ದಕ್ಕೂ ಧೂಳು ಮೆತ್ತಿದ ಕಪ್ಪು ಜಿಡ್ಡು ಕಂಡುಬಂದರೆ, ಅದರ ಯಜಮಾನನು ಎಂಜಿನ್ನೇ ಕೆಟ್ಟಿತೆಂದು ಎದೆಗುಂದಬೇಕಾದುದಿಲ್ಲ. ಇಂಥ ಸಂದರ್ಭಗಳಲ್ಲಿ ಬಹುಮಟ್ಟಿಗೆ ದೋಷವಿರುವುದು ಒಂದು ತೆಳ್ಳನೆಯ ರಬ್ಬರಿನ ಪಟ್ಟಿಯಲ್ಲಿ. ಗ್ಯಾರೇಜುಗಳವರು ಟ್ಯಾಪೆಟ್ ಕವರ್ ಪ್ಯಾಕಿಂಗ್ ಎನ್ನುವ ವಸ್ತುವಿನಲ್ಲಿ. ಸ್ವಲ್ಪ ತಾಳ್ಮೆಯುಳ್ಳ ಯಾರಾದರೂ ಅದನ್ನು ಮನೆಯಂಗಳದಲ್ಲಿಯೇ ಬದಲಾಯಿಸಿಕೊಳ್ಳಬಹುದು. ಆದರೆ ಅದು ಯಾವ ತತ್ತ್ವದಿಂದ ತೈಲವನ್ನು ತಡೆದು ನಿಲ್ಲಿಸುತ್ತದೆಂಬುದನ್ನು ಅರಿಯದೆ ಸ್ಪ್ಯಾನರು ಹಿಡಿದವನು ಹೊಸದನ್ನೂ ಮೊದಲ ದಿನವೇ ಕೆಡಿಸುವ ಸಂಭವವುಂಟು.

ಟ್ಯಾಪೆಟ್ ಕವರ್ ಎಂಬ ಆ ಮುಚ್ಚಳದಡಿಯಲ್ಲಿ ನಡೆಯುವ ವ್ಯಾಪಾರವನ್ನು ತಿಳಿಯಲು, 1983ರ ಡಿಸೆಂಬರಿನಲ್ಲಿ ನಮ್ಮ ರಸ್ತೆಗಳಿಗಿಳಿದ ಮಾರುತಿ 800 ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 796 ಘನ ಸೆಂಟಿಮೀಟರಿನ ಆ ಎಂಜಿನ್ನಿನಲ್ಲಿ 3 ಸಿಲಿಂಡರುಗಳು. ಒಂದೊಂದಕ್ಕೆ ಎರಡರಂತೆ 6 ವಾಲ್ವುಗಳು. ಅವನ್ನು ಒತ್ತಿ ತೆರೆಯುವ ಕ್ಯಾಮ್‌ಶಾಫ್ಟೂ ರಾಕರ್ ತೋಳುಗಳೂ ಸಿಲಿಂಡರ್ ಹೆಡ್ಡಿನ ಮೇಲೆಯೇ ಕುಳಿತಿರುತ್ತವೆ. ಕ್ರ್ಯಾಂಕ್‌ಶಾಫ್ಟು ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್‌ಶಾಫ್ಟು ಒಂದು ಸುತ್ತು ತಿರುಗುವುದರಿಂದ, ಎಂಜಿನ್ನು ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿರುವಾಗ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಇಷ್ಟೊಂದು ಘರ್ಷಣೆಯನ್ನು ಶಮನಗೊಳಿಸಲು ಪಂಪು ತಳದ ಸಂಪಿನಿಂದ ತೈಲವನ್ನು ಮೇಲಕ್ಕೆತ್ತಿ ಸುರಿಯುತ್ತಲೇ ಇರುತ್ತದೆ. ಆ ತೈಲವು ಸಿಡಿದು, ತುಂತುರಾಗಿ ಮುಚ್ಚಳದ ಒಳಮೈಗೆ ಬಡಿದು, ಕಿಂಡಿಗಳ ಮೂಲಕ ಮರಳಿ ಸಂಪಿಗೆ ಇಳಿಯುತ್ತದೆ. ಅದು ಹೊರಗೆ ಹರಿಯದಂತೆ ಮುಚ್ಚಳಕ್ಕೂ ಹೆಡ್ಡಿಗೂ ನಡುವೆ ನಿಂತಿರುವುದೇ ನಮ್ಮ ಪ್ಯಾಕಿಂಗ್.

ಹೆಡ್ಡಿನ ಕೆಳಗಿರುವ ಹೆಡ್ ಗ್ಯಾಸ್ಕೆಟ್ಟಿನಂತೆ ಇದು ದಹನದ ಪ್ರಚಂಡ ಒತ್ತಡವನ್ನು ಎದುರಿಸತಕ್ಕುದಲ್ಲ. ಪಿಸ್ಟನ್ ಬಳೆಗಳ ಸಂದಿನಿಂದ ನುಸುಳಿ ಬರುವ ಅನಿಲವನ್ನೂ ಬ್ರೀದರ್ ಕೊಳವೆಯು ಎಂಜಿನ್ನು ಉಸಿರೆಳೆಯುವ ಮಾರ್ಗಕ್ಕೇ ಸಾಗಿಸಿಬಿಡುತ್ತದೆ. ಇದರ ಕಷ್ಟವೇನಿದ್ದರೂ ಉಷ್ಣದಿಂದ. ನಾಲ್ವತ್ತು ಸೆಂಟಿಮೀಟರ್ ಉದ್ದದ ಅಲ್ಯುಮಿನಿಯಮ್ ಮುಚ್ಚಳವು 30 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್ಸಿಗೆ ಕಾದರೆ ಅರ್ಧ ಮಿಲಿಮೀಟರಿಗಿಂತಲೂ ಹೆಚ್ಚು ಬೆಳೆಯುತ್ತದೆ. ಅದೇ ಉದ್ದದ ಉಕ್ಕಿನ ತಗಡಿನ ಮುಚ್ಚಳ ಸುಮಾರು ಅದರರ್ಧದಷ್ಟು ಮಾತ್ರ. ಪ್ರತಿ ಪಯಣದಲ್ಲಿಯೂ ಹಿಗ್ಗಿ ಕುಗ್ಗುವ ಎರಡು ಲೋಹದ ಮೈಗಳು ತಮ್ಮಷ್ಟಕ್ಕೆ ತಾವೇ ನಿಶ್ಛಿದ್ರವಾಗಿ ಕೂಡಿರಲಾರವು. ಅವುಗಳ ಚಲನೆಯೊಡನೆ ತಾನೂ ಮಣಿದು ಮರಳಿ ಉಬ್ಬುವ ಮಧ್ಯಸ್ಥವೊಂದು ಬೇಕು.

ಈ ಮಧ್ಯಸ್ಥಿಕೆಯನ್ನು ದೀರ್ಘಕಾಲ ನಿರ್ವಹಿಸಿದ್ದು ಕಾರ್ಕು, ಎಂದರೆ ಓಕ್ ಜಾತಿಯ ಒಂದು ಮರದ ತೊಗಟೆ. 1665ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಡಿಯಲ್ಲಿ ಕಂಡ ಗಾಳಿ ತುಂಬಿದ ಕಿರುಕೋಶಗಳನ್ನು ವರ್ಣಿಸಿದ್ದು ಈ ಕಾರ್ಕಿನಲ್ಲಿಯೇ. ಒತ್ತಿದಷ್ಟೂ ಅದಕ್ಕನುಗುಣವಾಗಿ ಎದುರೊತ್ತುವ ಸ್ಪ್ರಿಂಗಿನ ನಿಯಮವನ್ನು ಜಗತ್ತಿಗೆ ತಿಳಿಸಿದವನೂ ಅವನೇ. ಕೋಶಗಳು ತಮ್ಮೊಳಗೇ ಮಡಿಚಿಕೊಳ್ಳುವುದರಿಂದ ಕಾರ್ಕು ಅದುಮಿದಾಗ ಅಕ್ಕಪಕ್ಕಕ್ಕೆ ಹರಡುವುದಿಲ್ಲ. ರಬ್ಬರಿನ ಸ್ವಭಾವ ಇದಕ್ಕೆ ವಿಪರೀತ: ಅದರ ಆಕಾರವನ್ನು ಬದಲಿಸಬಹುದೇ ಹೊರತು ಗಾತ್ರವನ್ನು ಕುಗ್ಗಿಸಲಾಗದು, ಮೇಲಿನಿಂದ ಅದುಮಿದರೆ ಬದಿಗೆ ಉಬ್ಬಲೇಬೇಕು. ಆದುದರಿಂದಲೇ ಇಂದಿನ ಮುಚ್ಚಳಗಳಲ್ಲಿ ಪ್ಯಾಕಿಂಗು ಕೂರುವ ತೋಡು ಅದಕ್ಕಿಂತ ತುಸು ಅಗಲವಾಗಿರುತ್ತದೆ. ಹಳೆಯದರ ಪಕ್ಕದಲ್ಲಿ ಹೊಸದನ್ನಿಟ್ಟು ನೋಡಿದರೆ ಇದೆಲ್ಲವೂ ಕಣ್ಣಿಗೇ ವಿಶದವಾಗುತ್ತದೆ: ಹೊಸದರ ಅಂಚು ತೋಡಿನಿಂದ ಮೇಲೆದ್ದು ದುಂಡಗಿದ್ದು ಬೆರಳಿಗೆ ಮೃದುವಾಗಿರುತ್ತದೆ, ಹಳೆಯದು ಲೋಹದ ಮಟ್ಟಕ್ಕೇ ಚಪ್ಪಟೆಯಾಗಿ, ಹೊಳಪೇರಿ, ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ವರ್ಷಾನುವರ್ಷದ ಉಷ್ಣ ಮತ್ತು ಆಮ್ಲಜನಕಗಳು ರಬ್ಬರಿನ ಅಣುಸರಪಳಿಗಳ ನಡುವೆ ಹೊಸ ಹೊಸ ಬಂಧಗಳನ್ನು ಹೆಣೆದು, ಅದು ಮರಳಿ ಉಬ್ಬುವ ಶಕ್ತಿಯನ್ನೇ ಅಪಹರಿಸಿಬಿಟ್ಟಿರುತ್ತವೆ.

ಇನ್ನು ಕೆಲಸದ ಕ್ರಮ. ಎಂಜಿನ್ನು ಸಂಪೂರ್ಣವಾಗಿ ತಣಿದ ಮೇಲೆಯೇ ಕೈಯಿಕ್ಕತಕ್ಕದ್ದು. ನಿಂತ ಎಂಜಿನ್ನಿನಲ್ಲಿ ತೈಲವೆಲ್ಲ ಸಂಪಿಗಿಳಿದಿರುವುದರಿಂದ ಅದನ್ನು ಬಸಿಯುವ ಅಗತ್ಯವಿಲ್ಲ. ಬ್ಯಾಟರಿಯ ಋಣ ತುದಿಯನ್ನು ಬಿಡಿಸಿ, ಪ್ಲಗ್ಗಿನ ವೈರುಗಳು ಅಡ್ಡವಿದ್ದರೆ ಅವುಗಳ ಅನುಕ್ರಮವನ್ನು ಗುರುತುಮಾಡಿಕೊಂಡು ಕಳಚಿ, ಬ್ರೀದರ್ ಕೊಳವೆಯನ್ನು ಎಳೆದು, ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಸರದಿಯಂತೆ ಸಡಿಲಿಸಬೇಕು. ಮುಚ್ಚಳ ಅಂಟಿಕೊಂಡಿದ್ದರೆ ರಬ್ಬರಿನ ಸುತ್ತಿಗೆಯಿಂದ ಬದಿಗೆ ಮೆಲ್ಲನೆ ತಟ್ಟಬೇಕೇ ಹೊರತು ಸ್ಕ್ರೂಡ್ರೈವರನ್ನು ಸಂದಿಗೆ ತೂರಿಸಿ ಮೀಟಬಾರದು. ಮೆತ್ತನೆಯ ಅಲ್ಯುಮಿನಿಯಮ್ಮಿನ ಮೇಲೆ ಬಿದ್ದ ಒಂದು ಗೀರು ತೈಲಕ್ಕೆ ಶಾಶ್ವತವಾದ ಕಾಲುವೆಯಾಗುತ್ತದೆ. ಹಳೆಯ ಪ್ಯಾಕಿಂಗಿನ ಚೂರುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಒಂದೂ ಒಳಗೆ ಬೀಳದಂತೆ ತೆಗೆದು, ಎರಡೂ ಮೈಗಳನ್ನು ಎಣ್ಣೆಯ ಪಸೆ ಉಳಿಯದಂತೆ ಒರೆಸಿದ ಮೇಲೆ ಹೊಸದನ್ನು ತೋಡಿನಲ್ಲಿ ಕೂರಿಸಬೇಕು. ಸಿಲಿಕೋನ್ ಪೇಸ್ಟನ್ನು ಸುತ್ತಲೂ ಬಳಿಯುವ ರೂಢಿ ಒಳ್ಳೆಯದಲ್ಲ. ತಯಾರಕನ ಪುಸ್ತಕ ಸೂಚಿಸುವ ಮೂಲೆಗಳಿಗೆ ಮಾತ್ರ ಒಂದೊಂದು ಹನಿ ಸಾಕು.

ಅತ್ಯಂತ ಹೆಚ್ಚು ತಪ್ಪು ನಡೆಯುವುದು ಬಿಗಿಯುವಾಗ. ಸೋರಬಾರದೆಂಬ ಆತುರದಲ್ಲಿ ಶಕ್ತಿಯಿದ್ದಷ್ಟೂ ತಿರುಗಿಸಿದರೆ ರಬ್ಬರು ತೋಡಿನ ಹೊರಗೆ ಹಿಸುಕಿಕೊಂಡು ಬರುತ್ತದೆ, ತಗಡಿನ ಮುಚ್ಚಳವಾದರೆ ಬೋಲ್ಟಿನ ಬಳಿ ತಗ್ಗಿ ಎರಡು ಬೋಲ್ಟುಗಳ ನಡುವೆ ಕಮಾನಿನಂತೆ ಎದ್ದುಬಿಡುತ್ತದೆ, ಹೆಡ್ಡಿನೊಳಗಿನ ತಿರುಪಿನ ಎಳೆಗಳೇ ಕಿತ್ತುಬರಬಹುದು. ಅನೇಕ ಕಾರುಗಳಲ್ಲಿ ಈ ಬೋಲ್ಟುಗಳಿಗೆ ವಿಧಿಸಿರುವುದು ಸುಮಾರು 10 ನ್ಯೂಟನ್ ಮೀಟರ್ ಮಾತ್ರ. 30 ಸೆಂಟಿಮೀಟರ್ ಹಿಡಿಯ ತುದಿಯಲ್ಲಿ ಸುಮಾರು 3.4 ಕಿಲೋ ಭಾರ ತೂಗುಬಿಟ್ಟಷ್ಟು ಬಲ. ತಮ್ಮ ಕಾರಿನ ಅಂಕಿಯನ್ನು ಪುಸ್ತಕದಲ್ಲಿ ನೋಡಿಕೊಂಡು, ಮಧ್ಯದ ಬೋಲ್ಟಿನಿಂದ ಹೊರಕ್ಕೆ, ಎರಡು ಮೂರು ಆವರ್ತಗಳಲ್ಲಿ, ಟಾರ್ಕ್ ವ್ರೆಂಚಿನಿಂದ ಬಿಗಿಯುವುದೇ ಸರಿಯಾದ ಮಾರ್ಗ. ಅನಂತರ, ಪೇಸ್ಟು ಹಚ್ಚಿದ್ದರೆ ಅದು ಒಣಗುವ ಅವಧಿ ಕಳೆದ ಮೇಲೆ, ಎಂಜಿನ್ನನ್ನು ಬೆಚ್ಚಗಾಗುವವರೆಗೆ ನಡೆಸಿ ಅಂಚಿನುದ್ದಕ್ಕೂ ಬಿಳಿಯ ಬಟ್ಟೆಯನ್ನಾಡಿಸಿ ಪರೀಕ್ಷಿಸಬೇಕು.

ಇಷ್ಟಾದರೂ ಕೆಲವು ವಾರಗಳಲ್ಲಿ ಮತ್ತೆ ಜಿಡ್ಡು ಕಾಣಿಸಿದರೆ, ಬೋಲ್ಟುಗಳನ್ನು ಇನ್ನಷ್ಟು ಬಿಗಿಯಹೊರಡುವ ಮುನ್ನ ಬ್ರೀದರ್ ಕೊಳವೆಯನ್ನು ಕಳಚಿ ನೋಡತಕ್ಕದ್ದು. ಅದು ಮಸಿಯಿಂದ ಕಟ್ಟಿಕೊಂಡಿದ್ದರೆ ಒಳಗೆ ಒತ್ತಡವೇರಿ ಎಷ್ಟು ಒಳ್ಳೆಯ ಪ್ಯಾಕಿಂಗೂ ಸೋಲುತ್ತದೆ. ಮೃದುತ್ವವೇ ಈ ವಸ್ತುವಿನ ಬಲ. ಅದನ್ನು ಉಳಿಸುವಷ್ಟು ಮಾತ್ರ ಬಿಗಿಯಬೇಕು. ಮನೆಯಲ್ಲಿ ಈ ಕೆಲಸಕ್ಕೆ ತೊಡಗುವವರು ಪ್ಯಾಕಿಂಗಿನೊಡನೆ ಟಾರ್ಕ್ ವ್ರೆಂಚೊಂದನ್ನು, ಕೊಂಡಾದರೂ ಸರಿ, ಎರವಲು ತಂದಾದರೂ ಸರಿ, ಹೊಂದಿಸಿಕೊಂಡೇ ಮುಚ್ಚಳಕ್ಕೆ ಕೈಹಾಕಲಿ.