ಹಳೆಯ ಜೀಪಿಗೆ ಇನ್ನೊಂದು ಪ್ಲೇಟು ಹಾಕಿಸಿದರೆ ಒಳ್ಳೆಯದೇ?

ಹೊಸಪೇಟೆ–ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಯ ಹಿಂದೆ ಹೋದವರು ಇದನ್ನು ಗಮನಿಸಿರಬಹುದು. ಲೋಡಾದ ಲಾರಿ ಗುಂಡಿ ಬಂದರೆ ನಿಧಾನವಾಗಿ ತೂಗಿಕೊಂಡು ಸಾಗುತ್ತದೆ. ಅದೇ ಲಾರಿ ಖಾಲಿಯಾಗಿ ವಾಪಸು ಬರುವಾಗ ಅದರ ಹಿಂಭಾಗ ದಡದಡ ಕುಣಿಯುತ್ತದೆ. ಸ್ಪ್ರಿಂಗು ಅದೇ, ರಸ್ತೆಯೂ ಅದೇ. ಬದಲಾಗಿದ್ದು ಭಾರ ಮಾತ್ರ.

ಹಳೆಯ ವಿಲ್ಲೀಸ್ ಅಥವಾ ಮಹೀಂದ್ರ ಜೀಪು ಇಟ್ಟುಕೊಂಡವರು ಈ ಮಾತನ್ನು ನೆನಪಿಡಬೇಕು. ಜೀಪು ಸ್ವಲ್ಪ ಕೂತಂತೆ ಕಂಡರೆ ಸಾಕು, “ಒಂದು ಪ್ಲೇಟು ಜಾಸ್ತಿ ಹಾಕಿಸಿ, ಗಾಡಿ ಎತ್ತರವೂ ಆಗುತ್ತೆ, ಗಟ್ಟಿಯೂ ಆಗುತ್ತೆ” ಎಂಬ ಸಲಹೆ ಬರುತ್ತದೆ. ಇದು ಎಷ್ಟು ನಿಜ?

ಎತ್ತರ ಬೇರೆ, ಬಿಗಿ ಬೇರೆ

ಲೀಫ್ ಸ್ಪ್ರಿಂಗ್ ಎಂದರೆ ಬಾಗಿಸಿದ ಉಕ್ಕಿನ ಪ್ಲೇಟುಗಳ ಕಟ್ಟು. ಜೀಪಿನ ಎತ್ತರ ಮುಖ್ಯವಾಗಿ ಆ ಪ್ಲೇಟುಗಳ ಬಾಗಿನಿಂದ ಬರುತ್ತದೆ. ಬಿಗಿ ಬರುವುದು ಪ್ಲೇಟುಗಳ ಸಂಖ್ಯೆ, ದಪ್ಪ ಮತ್ತು ಉದ್ದದಿಂದ. ವರ್ಷಗಟ್ಟಲೆ ಭಾರ ಹೊತ್ತು ಬಾಗು ಕಳೆದುಕೊಂಡಾಗ ಜೀಪು ಕೂರುತ್ತದೆ. ಆಗ ಬೇಕಾದದ್ದು ಬಾಗು. ನಾವು ಹಾಕಿಸುವುದು ಬಿಗಿ.

ಒಂದು ಲೆಕ್ಕ ನೋಡೋಣ. ಒಂದೇ ದಪ್ಪದ 8 ಪ್ಲೇಟುಗಳ ಕಟ್ಟು ಖಾಲಿ ಜೀಪಿನ ಭಾರಕ್ಕೆ 50 ಮಿ.ಮೀ. ತಗ್ಗುತ್ತದೆ ಎಂದುಕೊಳ್ಳಿ. ಅದೇ ಬಾಗಿನ 9ನೇ ಪ್ಲೇಟು ಸೇರಿಸಿದರೆ ಸುಮಾರು 44 ಮಿ.ಮೀ. ತಗ್ಗುತ್ತದೆ. ಅಂದರೆ ಸಿಕ್ಕ ಎತ್ತರ ಬರೀ 6 ಮಿ.ಮೀ.! ದಪ್ಪದ ಪರಿಣಾಮ ಇನ್ನೂ ಜೋರು. ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟಾಗುತ್ತದೆ. 6 ಮಿ.ಮೀ. ದಪ್ಪದ ಪ್ಲೇಟುಗಳ ನಡುವೆ ಲಾರಿಯಿಂದ ಬಿಚ್ಚಿದ 8 ಮಿ.ಮೀ. ಪ್ಲೇಟು ಸೇರಿಸಿದರೆ, ಅದೊಂದೇ ಹಳೆಯ ಎರಡು ಪ್ಲೇಟುಗಳಿಗಿಂತ ಹೆಚ್ಚು ಬಿಗಿ.

ಬೆನ್ನಿಗೂ ಬ್ರೇಕಿಗೂ ಪೆಟ್ಟು

ಭಾರಕ್ಕೆ 10 ಸೆಂ.ಮೀ. ತಗ್ಗುವ ಸ್ಪ್ರಿಂಗು ಸೆಕೆಂಡಿಗೆ ಸುಮಾರು 1.6 ಬಾರಿ ತೂಗುತ್ತದೆ. ಎರಡೂವರೆ ಸೆಂ.ಮೀ. ಮಾತ್ರ ತಗ್ಗಿದರೆ 3.2 ಬಾರಿ. ಕೂತ ಮನುಷ್ಯನಿಗೆ ಸೆಕೆಂಡಿಗೆ 4ರಿಂದ 8 ಬಾರಿಯ ಮೇಲೆ-ಕೆಳಗಿನ ಕುಲುಕಾಟ ಅತಿ ಹೆಚ್ಚು ತಟ್ಟುತ್ತದೆ. ಸ್ಪ್ರಿಂಗು ಬಿಗಿಯಾದಷ್ಟೂ ನಾವು ಆ ಕಡೆಗೇ ಸರಿಯುತ್ತೇವೆ.

ಇನ್ನೊಂದು ಅಪಾಯವೂ ಇದೆ. ಅತಿ ಬಿಗಿಯಾದ ಸ್ಪ್ರಿಂಗಿನಲ್ಲಿ ಚಕ್ರ ಗುಂಡಿಯ ಆಕಾರವನ್ನು ಹಿಂಬಾಲಿಸದೆ ನೆಲ ಬಿಟ್ಟು ಹಾರುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕು ಹಿಡಿದರೂ ಪ್ರಯೋಜನವಿಲ್ಲ. ಸಂಡೂರಿನ ಘಾಟಿ ಇಳಿಯುವಾಗ ಇದು ಸಣ್ಣ ಮಾತಲ್ಲ.

ಶ್ಯಾಕಲ್ ಉದ್ದ ಮಾಡಿಸಿದರೆ?

ಇದು ಅಗ್ಗದ ದಾರಿ. ಆದರೆ ಶ್ಯಾಕಲ್ ಇರುವುದು ಸ್ಪ್ರಿಂಗಿನ ಒಂದು ತುದಿಯಲ್ಲಿ ಮಾತ್ರ. ಆದ್ದರಿಂದ 2 ಇಂಚು ಉದ್ದ ಮಾಡಿದರೆ ಜೀಪು ಏಳುವುದು ಸುಮಾರು 1 ಇಂಚು. ಜೊತೆಗೆ ಆಕ್ಸಲ್ ತಿರುಚಿಕೊಳ್ಳುತ್ತದೆ. ಮುಂಭಾಗದ ಶ್ಯಾಕಲ್ ಸ್ಪ್ರಿಂಗಿನ ಮುಂದಿನ ತುದಿಯಲ್ಲಿರುವ ಜೀಪುಗಳಲ್ಲಿ ಇದರಿಂದ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಆಗ ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ವೇಗದಲ್ಲಿ ಜೀಪು ಅತ್ತಿತ್ತ ಓಲಾಡುತ್ತದೆ.

ಹಳೆಯ ಎಣ್ಣೆ ಸುರಿಯಬಹುದೇ?

ಪ್ಲೇಟುಗಳು ಒಂದರ ಮೇಲೊಂದು ಜಾರಬೇಕು. ತುಕ್ಕು ಹಿಡಿದು ಅಂಟಿಕೊಂಡರೆ ಇಡೀ ಕಟ್ಟು ಒಂದೇ ದಪ್ಪ ಸರಳಿನಂತೆ ವರ್ತಿಸುತ್ತದೆ. ಹಾಗೆಂದು ಸುಟ್ಟ ಎಂಜಿನ್ ಆಯಿಲ್ ಸುರಿಯಬೇಡಿ. ಅದಿರಿನ ಕೆಂಪು ಧೂಳು ಅದಕ್ಕೆ ಮೆತ್ತಿಕೊಂಡು ಉಜ್ಜುವ ಪೇಸ್ಟಿನಂತಾಗುತ್ತದೆ. ರಬ್ಬರ್ ಬುಶ್ ಇದ್ದರೆ ಎಣ್ಣೆಗೆ ಉಬ್ಬಿ ಹಾಳಾಗುತ್ತದೆ. ಕಟ್ಟು ಬಿಚ್ಚಿಸಿ, ತಂತಿ ಬ್ರಷ್‌ನಿಂದ ಉಜ್ಜಿಸಿ, ಗ್ರಾಫೈಟ್ ಗ್ರೀಸ್ ತೆಳುವಾಗಿ ಹಚ್ಚಿಸುವುದು ಸರಿಯಾದ ಕ್ರಮ. ಎಷ್ಟೋ ಜೀಪುಗಳ ಕುಲುಕಾಟ ಇಷ್ಟರಲ್ಲೇ ಇಳಿಯುತ್ತದೆ.

ಹಾಗಾದರೆ ಏನು ಮಾಡಬೇಕು?

• ಮೊದಲು ಟೈರಿನ ಗಾಳಿ ನೋಡಿ. ಲೋಡಿಗೆಂದು ತುಂಬಿಸಿದ ಗಾಳಿಯಲ್ಲೇ ಖಾಲಿ ಓಡಾಡುತ್ತಿರಬಹುದು.

• ಸಮತಟ್ಟು ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಿ. ಒಂದೇ ಬದಿ ತಗ್ಗಿದ್ದರೆ ಮುರಿದ ಪ್ಲೇಟು ಅಥವಾ ಸವೆದ ಬುಶ್ ಹುಡುಕಿ.

• ಬಾಗು ಹೋಗಿದ್ದರೆ ಮತ್ತೆ ಬಾಗು ಕೊಡಿಸಿ. ಗ್ಯಾಸಿನಿಂದ ಕಾಯಿಸಿ ಬಾಗಿಸಲು ಬಿಡಬೇಡಿ. ಉಕ್ಕಿನ ಹದ ಹೋಗಿ ಸ್ಪ್ರಿಂಗು ಬೇಗನೆ ಮತ್ತೆ ಕೂರುತ್ತದೆ. ಬಿರುಕು ಬಿಟ್ಟಿದ್ದರೆ ಹೊಸ ಪ್ಲೇಟೇ ಸರಿ.

• ರಬ್ಬರ್ ಬುಶ್ ಇದ್ದರೆ ಶ್ಯಾಕಲ್ ಬೋಲ್ಟುಗಳನ್ನು ಕೊನೆಯ ಬಾರಿ ಬಿಗಿ ಮಾಡುವುದು ಜೀಪು ಚಕ್ರದ ಮೇಲೆ ನಿಂತಾಗ. ಕೆಲವು ದಿನ ಓಡಿಸಿದ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ.

• ಸೆಂಟರ್ ಬೋಲ್ಟ್ ಬಿಚ್ಚುವ ಮುನ್ನ ಕಟ್ಟನ್ನು ಕ್ಲ್ಯಾಂಪಿನಲ್ಲಿ ಹಿಡಿಯಲೇಬೇಕು, ಇಲ್ಲದಿದ್ದರೆ ಪ್ಲೇಟು ಸಿಡಿದು ಕೈ ಮುರಿಯಬಹುದು. ಬರೀ ಜಾಕಿನ ಮೇಲೆ ನಿಂತ ಜೀಪಿನ ಕೆಳಗೆ ಯಾರೂ ನುಗ್ಗಬಾರದು.

ಹೆಚ್ಚುವರಿ ಪ್ಲೇಟು ಯಾವಾಗಲೂ ತಪ್ಪೆಂದಲ್ಲ. ಕಂಪ್ಲಿಯ ಗದ್ದೆಯಿಂದ ದಿನವೂ ಭತ್ತದ ಚೀಲ ಹೊರುವ ಜೀಪಿಗೆ, ಕಂಪನಿ ಹೇಳಿದ ಭಾರದ ಮಿತಿಯೊಳಗೆ, ಅದು ಉಪಯುಕ್ತ. ಆದರೆ ಪ್ಲೇಟು ಹೆಚ್ಚಾದರೆ ಚಾಸಿ, ಆಕ್ಸಲ್ ಅಥವಾ ಬ್ರೇಕಿನ ಶಕ್ತಿ ಹೆಚ್ಚಾಗುವುದಿಲ್ಲ. ಭಾನುವಾರ ಇಬ್ಬರು ಕೂತು ಹಂಪಿಗೆ ಹೋಗಿಬರುವ ಜೀಪಿಗೆ ಮಾತ್ರ ಅದು ಖಾಲಿ ಲಾರಿಯ ಕುಣಿತವನ್ನೇ ಕೊಡುತ್ತದೆ.