ಆಕಾಶದಿಂದ ಬಂದ ಸದ್ದು: ಮೂರು ನಿಮಿಷದ ಚೌಕಟ್ಟು, ಎರಡು ದಿನದ ಪಾಠ

ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದ ‘ಶಬ್ದ’ ಪಾಠದಲ್ಲಿ ಒಂದು ಪುಟ್ಟ ಚೌಕಟ್ಟು ಇದೆ. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನ ಆಘಾತ ತರಂಗಗಳನ್ನು ಉಂಟುಮಾಡುತ್ತದೆ, ಅದರಿಂದ ಭಾರಿ ಸದ್ದು ಬರುತ್ತದೆ, ಕಿಟಕಿಯ ಗಾಜು ಒಡೆಯಲೂಬಹುದು. ಅಲ್ಲಿರುವುದು ಹೆಚ್ಚುಕಡಿಮೆ ಇಷ್ಟೇ. ಪರೀಕ್ಷೆಗೆ ಬರುವುದಿಲ್ಲ ಎಂದು ನಮ್ಮಲ್ಲಿ ಬಹಳಷ್ಟು ಮಂದಿ ಅದನ್ನು ಒಮ್ಮೆ ಓದಿಸಿ ಮುಂದಕ್ಕೆ ಹೋಗುತ್ತೇವೆ. ನನ್ನ ಪಾಠಯೋಜನೆಯಲ್ಲೂ ಅದಕ್ಕೆ ಮೂರೇ ನಿಮಿಷ ಇಟ್ಟಿದ್ದೆ.

ಪೀಠಿಕೆಗೆ ನನ್ನದೇ ಅನುಭವ ಹೇಳಿದೆ. 2020ರ ಮೇ 20, ಬುಧವಾರ. ಲಾಕ್‌ಡೌನ್ ಕಾಲ, ನಾನಾಗ ಬಿ.ಎಸ್ಸಿ. ಓದುತ್ತಿದ್ದೆ, ಬೆಂಗಳೂರಿನ ವೈಟ್‌ಫೀಲ್ಡ್ ಬಳಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಮಧ್ಯಾಹ್ನ ಒಂದೂವರೆಗೆ ಸ್ವಲ್ಪ ಮುಂಚೆ, ಊಟಕ್ಕೆ ಕೂರುವ ಹೊತ್ತಿಗೆ, ‘ಢಮ್’ ಎಂದು ಸದ್ದು. ಕಿಟಕಿಗಳು ಗಡಗಡ ಅಂದವು. ಮಹಡಿಯ ಮೇಲೆ ಹೋಗಿ ನೋಡಿದರೆ ಮೋಡವಿಲ್ಲ, ಹೊಗೆಯಿಲ್ಲ, ವಿಮಾನವೂ ಇಲ್ಲ. ಬೀದಿಯವರೆಲ್ಲ ತಲೆ ಎತ್ತಿ ನೋಡುತ್ತಿದ್ದರು. ಒಬ್ಬರು ಭೂಕಂಪ ಅಂದರು, ಒಬ್ಬರು ಸಿಲಿಂಡರ್ ಅಂದರು. ಅದೇ ದಿನ ಬಂಗಾಳದ ಕರಾವಳಿಗೆ ಅಂಫಾನ್ ಚಂಡಮಾರುತ ಅಪ್ಪಳಿಸುತ್ತಿತ್ತು, ಇದು ಅದರದೇ ಸದ್ದು ಎಂದವರೂ ಇದ್ದರು. ಭೂಕಂಪಮಾಪಕಗಳಲ್ಲಿ ಏನೂ ದಾಖಲಾಗಿಲ್ಲವೆಂದು ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಹೇಳಿತು. ಸಂಜೆಗೆ ರಕ್ಷಣಾ ಇಲಾಖೆಯ ವಿವರಣೆ ಬಂತು. ವಾಯುಪಡೆಯ ವಿಮಾನವೊಂದು ಶಬ್ದಾತೀತ ವೇಗದ ಪರೀಕ್ಷಾ ಹಾರಾಟ ನಡೆಸಿತ್ತು. ನಗರದಿಂದ ಬಹಳ ದೂರದಲ್ಲಿ, 36,000ದಿಂದ 40,000 ಅಡಿ ಎತ್ತರದಲ್ಲಿ ಅದು ವೇಗ ತಗ್ಗಿಸುವಾಗ ಈ ಸದ್ದು ಹುಟ್ಟಿರಬಹುದು, 65ರಿಂದ 80 ಕಿಲೋಮೀಟರ್ ದೂರದವರಿಗೂ ಇಂಥ ಸದ್ದು ಕೇಳಬಲ್ಲದು ಎಂದಿತ್ತು ಆ ಹೇಳಿಕೆ.

ಇಲ್ಲಿಯವರೆಗೆ ಸರಿಯಾಗಿಯೇ ಹೋಯಿತು. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಆಮೇಲೆ ನಾನು ಕಪ್ಪುಹಲಗೆಯ ಮೇಲೆ ಒಂದು ಗೋಡೆ ಬರೆದೆ. ಗೋಡೆಗೆ ವಿಮಾನ ನುಗ್ಗುತ್ತಿರುವ ಚಿತ್ರ. “ಶಬ್ದದ ವೇಗವನ್ನು ದಾಟುವ ಕ್ಷಣದಲ್ಲಿ ವಿಮಾನ ಈ ಗೋಡೆಯನ್ನು ಒಡೆಯುತ್ತದೆ, ಒಡೆದ ಸದ್ದೇ ನಮಗೆ ಕೇಳುವುದು” ಅಂದೆ.

ಮೂರನೇ ಬೆಂಚಿನ ಹುಡುಗಿ ಎದ್ದಳು. “ಮಿಸ್, ಗೋಡೆ ಒಂದೇ ಸಲ ಒಡೆದರೆ ಸದ್ದೂ ಒಂದೇ ಜಾಗದಲ್ಲಿ ಆಗಬೇಕಲ್ಲ? ದೇವನಹಳ್ಳಿಯವರಿಗೂ ಕೇಳಿಸಿತು, ಎಲೆಕ್ಟ್ರಾನಿಕ್ ಸಿಟಿಯವರಿಗೂ ಕೇಳಿಸಿತು, ಎಲ್ಲರೂ ತಮ್ಮ ತಲೆ ಮೇಲೇ ಆಯಿತು ಅಂದರಂತೆ. ಎಷ್ಟು ಗೋಡೆ ಇತ್ತು?”

ತರಗತಿ ನಕ್ಕಿತು. ನಾನು “ಸದ್ದು ದೊಡ್ಡದಿತ್ತು, ಅದಕ್ಕೇ” ಎಂದು ಹೇಳಿ ಮುಂದಿನ ಶೀರ್ಷಿಕೆಗೆ ಹೋದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ‘ವಿದ್ಯಾರ್ಥಿನಿಯ ಪ್ರಶ್ನೆ ಸರಿ ಇದೆ, ಉತ್ತರ ಇಲ್ಲ.’

ಆ ರಾತ್ರಿ ಹಾಸ್ಟೆಲಿನಲ್ಲಿ ನನ್ನ ಡಿಗ್ರಿ ಪುಸ್ತಕ ತೆಗೆದು ಕೂತೆ. ಶಬ್ದದ ‘ಗೋಡೆ’ ಎಂಬುದು ವಿಮಾನ ತಯಾರಕರು ಕಷ್ಟವನ್ನು ಹೇಳಲು ಬಳಸಿದ ಮಾತು. ಆ ವೇಗದ ಹತ್ತಿರ ಗಾಳಿಯ ಪ್ರತಿರೋಧ ಒಮ್ಮೆಲೇ ಹೆಚ್ಚುತ್ತದೆ, ಅದಕ್ಕೆ ಆ ಹೆಸರು. ಒಡೆಯುವ ವಸ್ತು ಅಲ್ಲಿ ಯಾವುದೂ ಇಲ್ಲ. ಸದ್ದು ದಾಟುವ ಕ್ಷಣಕ್ಕೆ ಮಾತ್ರ ಸೇರಿದ್ದೂ ಅಲ್ಲ. ವಿಮಾನ ಶಬ್ದಕ್ಕಿಂತ ವೇಗವಾಗಿ ಹಾರುವಷ್ಟು ಹೊತ್ತೂ ಅದು ಹುಟ್ಟುತ್ತಲೇ ಇರುತ್ತದೆ. ಇದನ್ನು ಮೂರು ವರ್ಷ ಓದಿ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಹಲಗೆಯ ಮುಂದೆ ನಿಂತಾಗ ಬಂದದ್ದು ಮಾತ್ರ ಎಲ್ಲೋ ನೋಡಿದ್ದ ಗೋಡೆಯ ಚಿತ್ರ.

ಕೆರೆಯಲ್ಲಿ ಬಾತುಕೋಳಿ ಈಜುವುದನ್ನು ನೋಡಿ. ಅದು ಮುಂದೆ ಹೋದಂತೆ ಹಿಂದೆ ಇಂಗ್ಲಿಷಿನ ‘ವಿ’ ಅಕ್ಷರದಂಥ ಅಲೆ ಹರಡುತ್ತದೆ. ಆ ಅಲೆ ದಡಕ್ಕೆ ಎಲ್ಲ ಕಡೆಯೂ ಒಟ್ಟಿಗೆ ಬಡಿಯುವುದಿಲ್ಲ, ಮೊದಲು ಈ ಕಲ್ಲಿಗೆ, ಆಮೇಲೆ ಆ ಕಲ್ಲಿಗೆ, ಸಾಲಾಗಿ ಬಡಿಯುತ್ತಾ ಹೋಗುತ್ತದೆ. ಪ್ರತಿ ಕಲ್ಲಿಗೂ ತಟ್ಟುವುದು ಒಂದೇ ಸಲ. ವಿಮಾನದ ವಿಷಯದಲ್ಲಿ ‘ವಿ’ಯ ಬದಲು ಶಂಕು. ಅದರ ತುದಿ ವಿಮಾನದ ಮೂಗಿನಲ್ಲಿ, ಬಾಯಿ ಹಿಂದಕ್ಕೆ. ಉದ್ದ ಲಂಗದ ಅಂಚು ನೆಲ ಗುಡಿಸಿಕೊಂಡು ಹೋಗುವ ಹಾಗೆ ಆ ಶಂಕುವಿನ ಅಂಚು ಊರೂರಿನ ಮೇಲೆ ಹಾದುಹೋಗುತ್ತದೆ. ಅಂಚು ನಮ್ಮನ್ನು ದಾಟುವ ಕ್ಷಣ ನಮಗೆ ‘ಢಮ್’. ಮುಂದಿನ ಊರಿನವರಿಗೆ ಇನ್ನೊಂದು ಗಳಿಗೆಗೆ. ಹಾಗಾಗಿ ಎಲ್ಲರೂ ‘ನಮ್ಮ ತಲೆ ಮೇಲೇ’ ಎಂದದ್ದು ಸುಳ್ಳಲ್ಲ. ವಿಮಾನ 40,000 ಅಡಿಯಲ್ಲಿದ್ದರೆ ಈ ಅಂಚು ಗುಡಿಸುವ ಪಟ್ಟಿಯ ಅಗಲ ಸುಮಾರು 60 ಕಿಲೋಮೀಟರ್. ಅದರಾಚೆ ಹೋಗುವ ತರಂಗ ನೆಲದ ಹತ್ತಿರದ ಬೆಚ್ಚನೆಯ ಗಾಳಿಯಲ್ಲಿ ಮೇಲಕ್ಕೆ ಬಾಗಿಬಿಡುತ್ತದೆ, ಕೆಳಗಿನವರಿಗೆ ಮುಟ್ಟುವುದಿಲ್ಲ. ಗಾಳಿ ಬೀಸುವ ದಿಕ್ಕು, ತಾಪದ ಪದರಗಳು ಈ ಲೆಕ್ಕವನ್ನು ಆಚೀಚೆ ಮಾಡುತ್ತವೆ.

ಮರುದಿನ ಕನ್ನಡ ಶಿಕ್ಷಕರಲ್ಲಿ ಅವರ ಅವಧಿಯ ಹದಿನೈದು ನಿಮಿಷ ಬೇಡಿ ಪಡೆದೆ. ತರಗತಿಗೆ ಹೋಗಿ, “ನಿನ್ನೆ ನಾನು ಹೇಳಿದ್ದು ತಪ್ಪು, ಗೋಡೆಯ ಚಿತ್ರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡವರು ಹೊಡೆದುಹಾಕಿ” ಅಂದೆ. ಹೇಳುವ ಮೊದಲು ಕೈ ಬೆವರಿತ್ತು. ಮಕ್ಕಳು ಮಾತ್ರ ಸ್ಕೇಲು ಇಟ್ಟು ಶಿಸ್ತಾಗಿ ಅಡ್ಡಗೆರೆ ಎಳೆದರು. ಕೆಲವರಿಗೆ ಅದು ಖುಷಿಯ ಕೆಲಸವೇ ಆಗಿತ್ತು ಎಂದು ನನ್ನ ಗುಮಾನಿ.

ಆಮೇಲೆ ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋದೆ. ಈ ಚಟುವಟಿಕೆಗೆ ಖರ್ಚಿಲ್ಲ, ಸಹಪಾಠಿಗಳು ಬಳಸಬಹುದು. ಹತ್ತು ಮಕ್ಕಳನ್ನು ಎರಡೆರಡು ಹೆಜ್ಜೆ ಅಂತರದಲ್ಲಿ ಸಾಲಾಗಿ ನಿಲ್ಲಿಸಿ. ಒಬ್ಬ ಹುಡುಗ ‘ವಿಮಾನ’. ನೀವು ಚಪ್ಪಾಳೆ ತಟ್ಟುತ್ತಾ ಹೋಗಿ. ಪ್ರತಿ ಚಪ್ಪಾಳೆಗೆ ವಿಮಾನ ಎರಡು ಹೆಜ್ಜೆ ಮುಂದೆ ಹೋಗಿ ಒಬ್ಬರನ್ನು ಮುಟ್ಟುತ್ತದೆ. ಮುಟ್ಟಿಸಿಕೊಂಡವರು ಅಂದಿನಿಂದ ಪ್ರತಿ ಚಪ್ಪಾಳೆಗೆ ಒಂದು ಹೆಜ್ಜೆಯಂತೆ ಬದಿಗೆ ನಡೆಯಬೇಕು. ಅವರೇ ಶಬ್ದ. ಆರೇಳು ಚಪ್ಪಾಳೆ ಆದಮೇಲೆ ‘ನಿಲ್ಲಿ’ ಎಂದರೆ, ವಿಮಾನದ ಕಾಲಿನಿಂದ ಹಿಂದಕ್ಕೆ ಓರೆಯಾದ ನೇರಸಾಲು ತಾನಾಗಿ ಮೂಡಿರುತ್ತದೆ. ಐದು ಹೆಜ್ಜೆ ಆಚೆ ಸುಣ್ಣದ ಗೆರೆ ಹಾಕಿ ‘ಊರು’ಗಳನ್ನು ಕೂರಿಸಿದರೆ ಒಂದೊಂದು ಊರಿಗೂ ಒಂದೊಂದು ಚಪ್ಪಾಳೆಗೆ ಸದ್ದು ತಲುಪುವುದು ಕಾಣುತ್ತದೆ. ನಿಜವಾದ ಶಬ್ದ ಬದಿಗೆ ಮಾತ್ರ ಹೋಗುವುದಿಲ್ಲ, ಎಲ್ಲ ದಿಕ್ಕಿಗೂ ಹರಡುತ್ತದೆ, ಆದ್ದರಿಂದ ಇಲ್ಲಿ ಬರುವ ಕೋನ ಕರಾರುವಾಕ್ಕಲ್ಲ. ಶಬ್ದದ ಎರಡು ಪಟ್ಟು ವೇಗಕ್ಕೆ ಅರ್ಧಕೋನ 30 ಡಿಗ್ರಿ ಆಗಬೇಕು, ಮೈದಾನದಲ್ಲಿ 27ರ ಹತ್ತಿರ ಬರುತ್ತದೆ. ಆಕಾರ ಮಾತ್ರ ಸರಿ.

ಇನ್ನೊಂದು ಮಾತು. ಮಕ್ಕಳು ‘ಶ್ರವಣಾತೀತ’ ಮತ್ತು ‘ಶಬ್ದಾತೀತ’ಗಳನ್ನು ಕಲಸಿಬಿಡುತ್ತಾರೆ. ಮೊದಲನೆಯದು ಕಿವಿಗೆ ನಿಲುಕದ ಶಬ್ದ, ಎರಡನೆಯದು ಶಬ್ದವನ್ನು ಮೀರಿದ ವೇಗ. ಎರಡನ್ನೂ ಒಂದೇ ದಿನ ಹೇಳಬೇಡಿ.

ಸದ್ದು ಬಂದಾಗ ವಿಮಾನ ಕಾಣದಿದ್ದುದೇಕೆ ಎಂಬುದನ್ನು ಲೆಕ್ಕ ಮಾಡಿಸಿದೆ. ಎತ್ತರದ ಚಳಿಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 295 ಮೀಟರ್, ನೆಲದ ಬಳಿ 340ರ ಆಸುಪಾಸು. ನಡುವಿನ 320 ಎಂದು ಹಿಡಿದರೆ 65 ಕಿಲೋಮೀಟರ್ ಬರಲು 200 ಸೆಕೆಂಡು ಬೇಕು, ಅಂದರೆ ಮೂರು ನಿಮಿಷಕ್ಕೂ ಮೇಲೆ. ನಾವು ತಲೆ ಎತ್ತುವ ಹೊತ್ತಿಗೆ ವಿಮಾನ ಎಲ್ಲಿಗೋ ಹೋಗಿ ಆಗಿರುತ್ತದೆ. ಕಿಟಕಿ ಅಲುಗಿದ್ದರ ಲೆಕ್ಕ ಮಕ್ಕಳಿಗೆ ಇನ್ನೂ ಇಷ್ಟವಾಯಿತು. ಇಂಥ ಸದ್ದು ನೆಲದ ಮೇಲೆ ಸಾಮಾನ್ಯವಾಗಿ ತರುವ ಒತ್ತಡದ ಏರಿಕೆ 50ರಿಂದ 100 ಪ್ಯಾಸ್ಕಲ್. ವಾತಾವರಣದ ಒತ್ತಡದ ಸಾವಿರದಲ್ಲೊಂದು ಪಾಲೂ ಆಗದು. ಆದರೆ ಒಂದು ಚದರ ಮೀಟರ್ ಗಾಜಿನ ಮೇಲೆ ಅದು ಐದರಿಂದ ಹತ್ತು ಕಿಲೋ ಭಾರ ಹಠಾತ್ತನೆ ಬಿದ್ದ ಹಾಗೆ.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ, ಎರಡು ವಾರದಿಂದ ಬಾಯಿ ಬಿಡದಿದ್ದವನು, ಕೇಳಿದ: “ಮಿಸ್, ನಮ್ಮಜ್ಜಿ ಅವತ್ತು ನಮ್ಮನ್ನೆಲ್ಲ ಮನೆಯೊಳಗಿಂದ ಎಳೆದು ಅಂಗಳಕ್ಕೆ ತಂದು ಕೂರಿಸಿದಳು. ಅದು ತಪ್ಪಾ?” ಆಗ ಅವನಿಗೆ ಒಂಬತ್ತು ವರ್ಷ. ಆಮೇಲೆ ಅಜ್ಜಿಯನ್ನು ಊರವರು ನಗಾಡಿದ್ದರಂತೆ.

ತಪ್ಪಲ್ಲ ಅಂದೆ. ಆಕಾಶದಿಂದ ಬಂತೆನಿಸುವ ಸದ್ದೆಲ್ಲ ಆಕಾಶದ್ದಲ್ಲ. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಜನ ಭಾರಿ ಸದ್ದು ಕೇಳಿ ಹಗಲು ರಾತ್ರಿ ಮನೆಯ ಹೊರಗೇ ಕಳೆದರು, ಕೆಲವರು ಊರನ್ನೇ ಬಿಟ್ಟರು. ಅಲ್ಲಿ ನಿಜಕ್ಕೂ ನೆಲ ಕಂಪಿಸುತ್ತಿತ್ತು. ಆಳವಿಲ್ಲದ ಸಣ್ಣ ಕಂಪನಗಳ ಮೊದಲ ಅಲೆ ನೆಲದಿಂದ ಗಾಳಿಗೆ ದಾಟಿದರೆ ಗುಂಡು ಹಾರಿದಂಥ ಸದ್ದಾಗುತ್ತದೆ. ಕಲ್ಲುಮಣ್ಣಿನ ಮನೆಯಲ್ಲಿರುವವಳು ಮೊಮ್ಮಕ್ಕಳನ್ನು ಬಯಲಿಗೆ ತಂದದ್ದು, ಕಾರಣ ತಿಳಿಯದ ಆ ಗಳಿಗೆಯಲ್ಲಿ, ಬುದ್ಧಿವಂತಿಕೆಯೇ.

ಆದರೆ ಮೊದಲು ಬೆಳಕು ಕಂಡರೆ ಮಾತು ಬೇರೆ. ಅದಕ್ಕೆ ಚೆಲ್ಯಾಬಿನ್ಸ್ಕ್ ಕಥೆ ಹೇಳಿದೆ. 2013ರ ಫೆಬ್ರವರಿ 15ರ ಬೆಳಿಗ್ಗೆ ರಷ್ಯಾದ ಆ ನಗರದ ಮೇಲೆ ಸುಮಾರು 20 ಮೀಟರ್ ಗಾತ್ರದ ಉಲ್ಕೆ ಸೆಕೆಂಡಿಗೆ 19 ಕಿಲೋಮೀಟರ್ ವೇಗದಲ್ಲಿ ಬಂದು ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಸಿಡಿಯಿತು. ಸೂರ್ಯನನ್ನು ಮಂಕಾಗಿಸುವ ಬೆಳಕು, ಸದ್ದಿಲ್ಲ. ಏನೆಂದು ನೋಡಲು ಜನ ಕಿಟಕಿಗೆ ಬಂದರು. ಎರಡು ನಿಮಿಷಕ್ಕೂ ಹೆಚ್ಚು ಕಳೆದ ಮೇಲೆ ಆಘಾತ ತರಂಗ ತಲುಪಿತು. ಗಾಯಗೊಂಡ ಸುಮಾರು 1,500 ಮಂದಿಯಲ್ಲಿ ಹೆಚ್ಚಿನವರಿಗೆ ತಾಗಿದ್ದು ಒಡೆದ ಗಾಜು. ಅಲ್ಲಿನ ನಾಲ್ಕನೇ ತರಗತಿಯ ಶಿಕ್ಷಕಿಯೊಬ್ಬರು ಬೆಳಕು ಕಂಡೊಡನೆ ತಮ್ಮ 44 ಮಕ್ಕಳನ್ನು ಮೇಜಿನಡಿ ಕೂರಿಸಿದರು. ಮಕ್ಕಳಲ್ಲಿ ಒಬ್ಬರಿಗೂ ಗಾಜು ತಾಗಲಿಲ್ಲ. ನಿಂತೇ ಇದ್ದ ಅವರ ಕೈಕಾಲಿಗೆ ಆಳವಾದ ಗಾಯಗಳಾದವು. ಇದನ್ನು ಹೇಳುವಾಗ ನಮ್ಮ ತರಗತಿಯ ಕಿಟಕಿಗಳತ್ತ ಎಲ್ಲರೂ ಒಮ್ಮೆ ತಿರುಗಿ ನೋಡಿದರು. ಅವಕ್ಕೆ ಗಾಜೇ ಇಲ್ಲ, ಬರೀ ಸರಳು.

ಹಳೆಯ ಸದ್ದುಗಳನ್ನೂ ಒಂದೆರಡು ಹೇಳಿದೆ. 1883ರ ಆಗಸ್ಟ್ 27ರಂದು ಕ್ರಕಟೋವ ಜ್ವಾಲಾಮುಖಿ ಸಿಡಿದದ್ದು ಸುಮಾರು 4,800 ಕಿಲೋಮೀಟರ್ ದೂರದ ರಾಡ್ರಿಗಸ್ ದ್ವೀಪದಲ್ಲಿ ಫಿರಂಗಿ ಸದ್ದಿನಂತೆ ಕೇಳಿತು. ಭಾಗಿಸಿ ನೋಡಿದರೆ ಹೆಚ್ಚುಕಡಿಮೆ ನಾಲ್ಕು ಗಂಟೆಯ ಪ್ರಯಾಣ, ಅಲ್ಲಿನ ದಾಖಲೆಯೂ ಅದನ್ನೇ ಹೇಳುತ್ತದೆ. ಈಗ ಬಾಂಗ್ಲಾದೇಶದಲ್ಲಿರುವ ಬಾರಿಸಾಲ್ ಕಡೆಯ ನದಿಮುಖಜ ಭೂಮಿಯಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಜನ ಕೇಳುತ್ತಿದ್ದ ‘ಬಾರಿಸಾಲ್ ಗನ್ಸ್’ ಸದ್ದಿನ ಬಗ್ಗೆ ಚಾರ್ಲ್ಸ್ ಡಾರ್ವಿನ್ನರ ಮಗ ಜಾರ್ಜ್ ಡಾರ್ವಿನ್ 1895ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದರು. ವಿಮಾನ ಹುಟ್ಟುವ ಮೊದಲಿನ ಮಾತಿದು. ಭೂಕಂಪನವೇ, ದೂರದ ಗುಡುಗೇ, ಕಡಲ ಅಲೆಯೇ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ‘ಗೊತ್ತಿಲ್ಲ ಎಂದು ಪುಸ್ತಕದಲ್ಲಿ ಬರೆಯಬಹುದಾ?’ ಎಂದು ಒಬ್ಬ ಕೇಳಿದ. ಬರೆಯಬಹುದು ಅಂದೆ, ಬರೆದುಕೊಂಡ.

ಹದಿನೈದು ನಿಮಿಷ ಎಂದು ಬೇಡಿದ್ದು ಪೂರ್ತಿ ಅವಧಿಯನ್ನೇ ನುಂಗಿತ್ತು. ಗಂಟೆ ಹೊಡೆಯುವಾಗ ಮೂರನೇ ಬೆಂಚಿನ ಅದೇ ಹುಡುಗಿ, “ಹಾಗಾದರೆ ವಿಮಾನ ಓಡಿಸುವವರಿಗೆ ಆ ಸದ್ದು ಎಷ್ಟು ಜೋರಾಗಿ ಕೇಳಿಸಬೇಕು?” ಅಂದಳು. ಈ ಸಲ ನಾನು ಉತ್ತರ ಹೇಳಲಿಲ್ಲ. ಮೈದಾನದ ಆಟದಲ್ಲಿ ವಿಮಾನವಾಗಿದ್ದ ಹುಡುಗನನ್ನು, ನಿನ್ನ ಹಿಂದಿನ ಸಾಲು ಯಾವತ್ತಾದರೂ ನಿನ್ನನ್ನು ದಾಟಿತೇ ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿ, “ಇಲ್ಲ ಮಿಸ್, ಅವರೆಲ್ಲ ನನ್ನ ಹಿಂದೇನೇ ಉಳಿದರು” ಅಂದ. ಅವಳು ಕೂತುಕೊಂಡು ಹೊಡೆದುಹಾಕಿದ ಗೋಡೆಯ ಪಕ್ಕದಲ್ಲಿ ಏನನ್ನೋ ಬರೆಯತೊಡಗಿದಳು.