ಮೊಣಕೈಗೆ ಪೆಟ್ಟಾದಾಗ ಬೆರಳನ್ನು ನೋಡಿರಿ

ಅರ್ಧ ಶತಮಾನದ ಹಿಂದೆ ನಾವು ಮಠದ ಪಾಠಶಾಲೆಯಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಆರು ವರ್ಷದ ಬಾಲಕನೊಬ್ಬನು ಹುಣಸೆಯ ಮರದಿಂದ ಕೈಯೂರಿ ಬಿದ್ದನು. ಮೊಣಕೈ ಊದಿಕೊಂಡಿತು. ನಾಟಿ ವೈದ್ಯರೊಬ್ಬರು ಬಂದು ಬಿದಿರಿನ ದಬ್ಬೆಗಳನ್ನಿಟ್ಟು ಬಿಗಿಯಾಗಿ ಕಟ್ಟಿದರು. ಆಗ ಬಾಲಕನನ್ನು ಅಲುಗದಂತೆ ಹಿಡಿದುಕೊಂಡಿದ್ದವರು ನಾವೇ. ಬೆರಳು ಸಿಡಿಯುತ್ತವೆಂದು ಅವನು ರಾತ್ರಿಯೆಲ್ಲ ಅತ್ತನು. ಸೈರಿಸಿಕೊಳ್ಳಬೇಕೆಂದು ನಾವು ಬುದ್ಧಿ ಹೇಳಿದೆವು. ಕಟ್ಟು ಬಿಚ್ಚಿದಾಗ ಎಲುಬು ಕೂಡಿತ್ತು. ಬೆರಳುಗಳು ಮಾತ್ರ ಒಳಕ್ಕೆ ಮಡಿಚಿಕೊಂಡಿದ್ದವು, ಮತ್ತೆಂದೂ ನೆಟ್ಟಗಾಗಲಿಲ್ಲ. ಅವನು ಎಡಗೈಯಿಂದ ಬರೆಯಲು ಕಲಿತನು.

ಪೆಟ್ಟಾದುದು ಮೊಣಕೈಗೆ, ಕೆಟ್ಟುದು ಬೆರಳು! ಇದಕ್ಕೆ ಕಾರಣ ಕೈಯ ರಚನೆಯಲ್ಲಿಯೇ ಇದೆ.

ಕಂಕುಳೆಂದರೆ ಬೆವರುವ ಜಾಗವೆಂದಷ್ಟೇ ಬಹುಮಂದಿಯ ತಿಳಿವಳಿಕೆ. ವಾಸ್ತವವಾಗಿ ಅದು ಕೈಯ ಹೆಬ್ಬಾಗಿಲು. ಮುಂದೆ ಎದೆಯ ಸ್ನಾಯುಗಳು, ಹಿಂದೆ ಹೆಗಲೆಲುಬಿನ ಸ್ನಾಯುಗಳು, ಒಳಬದಿಗೆ ಪಕ್ಕೆಲುಬುಗಳು, ಹೊರಬದಿಗೆ ತೋಳಿನೆಲುಬು. ಇವುಗಳ ನಡುವಣ ಕೊಬ್ಬಿನ ಮೆತ್ತೆಯಲ್ಲಿ ಕೈಗೆ ರಕ್ತವನ್ನೊಯ್ಯುವ ಧಮನಿಯೂ, ಅದನ್ನು ಮರಳಿ ತರುವ ಸಿರೆಯೂ, ಕುತ್ತಿಗೆಯಿಂದ ಇಳಿದು ಬಂದ ನರಗಳ ಜಾಲವೂ ಇವೆ. ಊರುಗೋಲು ಹಿಡಿದವರು ಕಂಕುಳಿನ ಮೇಲೆಯೇ ಭಾರ ಹಾಕಿದರೆ ನರ ಅದುಮಿ ಮಣಿಕಟ್ಟು ಜೋತುಬೀಳುವುದುಂಟು. ಭಾರವನ್ನು ಅಂಗೈ ಹೊರಬೇಕು. ಸ್ತನದ ದುಗ್ಧರಸವನ್ನು ಸೋಸುವ ಗ್ರಂಥಿಗಳೂ ಹೆಚ್ಚಾಗಿ ಇಲ್ಲಿಯೇ ಇರುವುದರಿಂದ, ಕಂಕುಳಲ್ಲಿ ಗಂಟು ಕೈಗೆ ಸಿಕ್ಕರೆ ತಾಯಂದಿರು ಸಂಕೋಚದಿಂದ ಮುಚ್ಚಿಡಬಾರದು.

ಅದೇ ಧಮನಿಯು ತೋಳಿನ ಒಳಬದಿಯಲ್ಲಿ ಇಳಿದು ಮೊಣಕೈಯ ಮುಂಭಾಗಕ್ಕೆ ಬರುತ್ತದೆ. ರಕ್ತದೊತ್ತಡ ಅಳೆಯುವಾಗ ವೈದ್ಯರು ಸ್ಟೆತಾಸ್ಕೋಪನ್ನು ಇಡುವುದು ಇದರ ಮೇಲೆಯೇ. ಹಿಂಬದಿಯ ಒಳಗುಬ್ಬಿಯ ಮರೆಯಲ್ಲಿ ಕಿರುಬೆರಳಿಗೆ ಹೋಗುವ ನರವಿದೆ. ಬಾಗಿಲಿಗೆ ಮೊಣಕೈ ತಾಗಿದಾಗ ವಿದ್ಯುತ್ ಹೊಡೆದಂತಾಗುವುದು ಅದರಿಂದ.

ಮೊಣಕೈಗೆ ತುಸು ಮೇಲೆ ತೋಳಿನೆಲುಬು ತೆಳುವಾಗಿದೆ. ಕೈಯೂರಿ ಬಿದ್ದ ಮಕ್ಕಳಲ್ಲಿ, ವಿಶೇಷವಾಗಿ 5ರಿಂದ 7 ವರ್ಷದವರಲ್ಲಿ, ಅದು ಅಲ್ಲಿಯೇ ಮುರಿಯುತ್ತದೆ. ಮುರಿದ ತುದಿಯು ಧಮನಿಯನ್ನು ಒತ್ತಬಹುದು. ಒಳಗೆ ಬಾವೂ ಏರುತ್ತದೆ. ಅದರ ಮೇಲೆ ಬಿಗಿಯಾದ ಕಟ್ಟು ಬಿದ್ದರೆ ಬಾವಿಗೆ ಎಡೆಯಿಲ್ಲದೆ ಮುಂಗೈಯ ಸ್ನಾಯುಗಳಿಗೆ ರಕ್ತ ತಲುಪುವುದಿಲ್ಲ. ಸುಮಾರು 6 ಗಂಟೆಗಳಲ್ಲಿ ಸ್ನಾಯು ಸಾಯತೊಡಗುತ್ತದೆ. ಮುಂದೆ ನಾರಿನಂತಾಗಿ ಕುಗ್ಗಿ ಬೆರಳುಗಳನ್ನು ಒಳಕ್ಕೆಳೆಯುತ್ತದೆ. ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫೋಲ್ಕ್‌ಮನ್ 1881ರಲ್ಲಿ ಇದನ್ನು ವಿವರಿಸಿ, ಬಿಗಿಕಟ್ಟನ್ನೇ ಕಾರಣವಾಗಿ ತೋರಿಸಿದನು. ಸುಶ್ರುತ ಸಂಹಿತೆಯ 107 ಮರ್ಮಗಳಲ್ಲಿ ಮೊಣಕೈಯದು ಕೂರ್ಪರ. ಅದಕ್ಕೆ ಘಾತವಾದರೆ ಕೈ ಊನವಾಗುವುದೆಂದು ಅಲ್ಲಿ ಹೇಳಿದೆ. ಕಂಕುಳ ಬಳಿಯ ಕಕ್ಷಧರಕ್ಕೆ ಘಾತವಾದರೆ ಕೈ ಸ್ವಾಧೀನ ತಪ್ಪುವುದು. ನಾವಿದನ್ನು ಓದಿದ್ದು ಆ ಬಾಲಕನು ಪಾಠಶಾಲೆ ಬಿಟ್ಟುಹೋದ ಮೇಲೆ.

ನಾಟಿ ವೈದ್ಯರನ್ನಷ್ಟೇ ದೂರುವುದು ಸಲ್ಲದು. ಆಸ್ಪತ್ರೆಯಲ್ಲಿ ಹಾಕಿದ ಪ್ಲಾಸ್ಟರ್ ಕೂಡ ಬಾವು ಏರಿದಂತೆ ಬಿಗಿಯಾಗಬಲ್ಲುದು. ಮಗು ಬಿದ್ದಾಗ ಎಣ್ಣೆ ಹಚ್ಚಿ ತಿಕ್ಕುವುದು, ಕೈಯನ್ನೆಳೆದು ನೆಟ್ಟಗೆ ಮಾಡುವುದು ಬೇಡ. ಬಳೆ, ಉಂಗುರ, ಕಡಗಗಳನ್ನು ಕೂಡಲೇ ತೆಗೆದು, ಕೈಯನ್ನು ಇದ್ದಂತೆಯೇ ಬಟ್ಟೆಯ ಜೋಳಿಗೆಯಲ್ಲಿಟ್ಟು ಎಕ್ಸ್‌ರೇ ಇರುವ ಆಸ್ಪತ್ರೆಗೆ ಒಯ್ಯಿರಿ. ಪ್ಲಾಸ್ಟರ್ ಹಾಕಿದ ರಾತ್ರಿ ಗಂಟೆಗೊಮ್ಮೆ ದೀಪ ಹಚ್ಚಿ ಬೆರಳುಗಳನ್ನು ನೋಡಿರಿ. ಅವು ಬಿಳಿಚಿದ್ದರೆ, ನೀಲಿಗಟ್ಟಿದ್ದರೆ, ತಣ್ಣಗಿದ್ದರೆ, ಜೋಮು ಹಿಡಿದಿದ್ದರೆ, ಇಲ್ಲವೆ ಮೆಲ್ಲನೆ ನೀಡಿದಾಗ ಮಗು ಚೀರಿದರೆ ಬೆಳಗಾಗುವವರೆಗೆ ಕಾಯದೆ ಆಗಲೇ ಹೊರಡಿರಿ.